ಬಿದಿರು, ಹದ್ದು, ಹೆಬ್ಬಾತು: ಛಲದ ಕಥೆಗಳಲ್ಲಿ ನಿಜ ಎಷ್ಟು?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆ. ಮಗ ನಾಲ್ಕು ವರ್ಷದಿಂದ ಧಾರವಾಡದಲ್ಲಿ ರೂಮು ಮಾಡಿಕೊಂಡು ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಓದುತ್ತಿದ್ದಾನೆ. ಎರಡು ಸಲ ಸ್ವಲ್ಪದರಲ್ಲೇ ತಪ್ಪಿತು. ಈಗ ಫೋನ್ ಮಾಡಿದರೂ ಜಾಸ್ತಿ ಮಾತಾಡುವುದಿಲ್ಲ. ಧೈರ್ಯ ಬರಲಿ ಅಂತ ನಾನು ವಾಟ್ಸಾಪ್‌ನಲ್ಲಿ ಚೀನಾ ಬಿದಿರಿನ ಕಥೆ, ಹದ್ದಿನ ಪುನರ್ಜನ್ಮದ ಕಥೆ ಕಳಿಸುತ್ತಿದ್ದೆ. ಮೊನ್ನೆ ‘ಅಪ್ಪಾ, ಇವೆಲ್ಲಾ ಸುಳ್ಳ ಅದಾವ, ಕಳಸಬ್ಯಾಡ್ರಿ’ ಅಂತ ಬರೆದ. ದೇವರು ಪ್ರಕೃತಿಯಲ್ಲೇ ಪಾಠ ಇಟ್ಟಿದ್ದಾನೆ ಅಂತ ನಂಬಿದವನು ನಾನು. ಇವು ನಿಜಕ್ಕೂ ಸುಳ್ಳಾ? ಹಾಗಿದ್ದರೆ ನಂಬಿಕೆ, ಛಲದ ಬಗ್ಗೆ ಪ್ರಕೃತಿಯಲ್ಲಿ ನಿಜವಾದ ಪಾಠ ಯಾವುದೂ ಇಲ್ಲವಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಮಗನ ಮಾತು ಸರಿ. ಎರಡೂ ಕಥೆ ಸುಳ್ಳು. ಆದರೆ ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ, ಇದೆ, ಬೇಕಾದಷ್ಟಿದೆ. ನಾನು ಸಸ್ಯಶಾಸ್ತ್ರ ಪಾಠ ಮಾಡಿಕೊಂಡು, ರಜೆ ಸಿಕ್ಕಾಗಲೆಲ್ಲ ಘಟ್ಟದ ಕಾಡು ಸುತ್ತಿಕೊಂಡು ಬಂದವನು. ಮನಸ್ಸಿನ ಡಾಕ್ಟರ್ ಅಲ್ಲ. ಹಾಗಾಗಿ ಗಿಡ, ಹಕ್ಕಿಗಳ ಬಗ್ಗೆ ಗೊತ್ತಿರುವುದನ್ನು ಹೇಳುತ್ತೇನೆ. ಅದರಲ್ಲಿ ಎಷ್ಟು ನಿಮ್ಮ ಮನೆಗೆ ಹೊಂದುತ್ತದೋ ನೀವೇ ನೋಡಿ.

ಬಿದಿರಿನಿಂದ ಶುರು ಮಾಡೋಣ. ಕಥೆ ಹೀಗಿದೆ: ಚೀನಾದ ರೈತ ಬಿದಿರಿನ ಬೀಜ ಬಿತ್ತಿ ದಿನಾ ನೀರು ಹಾಕುತ್ತಾನೆ. ನಾಲ್ಕು ವರ್ಷ ಮಣ್ಣಿನ ಮೇಲೆ ಏನೂ ಕಾಣುವುದಿಲ್ಲ. ಐದನೇ ವರ್ಷ ಆರೇ ವಾರದಲ್ಲಿ 80-90 ಅಡಿ ಎದ್ದುಬಿಡುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಅಂಥ ಬಿದಿರು ಚೀನಾದಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಬೀಜ ಚೆನ್ನಾಗಿದ್ದರೆ ಕೆಲವೇ ವಾರದಲ್ಲಿ ಮೊಳೆಯುತ್ತದೆ. ನಾಲ್ಕು ವರ್ಷವಾದರೂ ಮೊಳೆಯದ ಬಿದಿರಿನ ಬೀಜಕ್ಕೆ ನೀರು ಹಾಕಿದರೆ ಮಣ್ಣು ಒದ್ದೆಯಾಗುತ್ತದೆ, ಅಷ್ಟೆ. ಬೀಜ ಎಂದೋ ಸತ್ತಿರುತ್ತದೆ.

ಆ ನಾಲ್ಕು ವರ್ಷ ಅದು ನೆಲದೊಳಗೆ ಬೇರು ಬೆಳೆಸುತ್ತಿತ್ತು ಅಂತ ಕಥೆಯಲ್ಲಿ ಸೇರಿಸುತ್ತಾರೆ. ಒಂದು ಕ್ಷಣ ಯೋಚನೆ ಮಾಡಿ. ಬೇರಿಗೆ ಊಟ ಬರುವುದು ಎಲೆಯಿಂದ. ಎಲೆ ಬಿಸಿಲು ಕುಡಿದು ಸಕ್ಕರೆ ಮಾಡಿ ಕೆಳಗೆ ಕಳಿಸಬೇಕು. ಬಿದಿರಿನ ಬೀಜ ನೋಡಿದ್ದೀರಲ್ಲ, ಹೆಚ್ಚುಕಡಿಮೆ ಭತ್ತದ ಕಾಳಿನಷ್ಟು. ಅದಕ್ಕೇ ಬಿದಿರಕ್ಕಿ ಅನ್ನುತ್ತಾರೆ. ಅಷ್ಟು ಚಿಕ್ಕ ಕಾಳಿನೊಳಗಿನ ಹಿಟ್ಟಿನಲ್ಲಿ, ಮೇಲೆ ಒಂದು ಹಸಿರೆಲೆಯೂ ಇಲ್ಲದೆ, ನಾಲ್ಕು ವರ್ಷ ಬೇರು ಬೆಳೆಯುವುದು ಆಗದ ಮಾತು.

ನಿಜವಾಗಿ ಆಗುವುದೇ ಬೇರೆ. ಮೊದಲ ವರ್ಷ ಬಿದಿರಿನ ಸಸಿ ಹುಲ್ಲಿನ ಹಾಗೆ ಇರುತ್ತದೆ. ಬಿದಿರು ಹುಲ್ಲಿನ ಜಾತಿಯೇ ಅಲ್ವಾ? ಪೆನ್ಸಿಲ್‌ಗಿಂತ ಸಣ್ಣ ಕಡ್ಡಿ, ನಾಲ್ಕಾರು ಎಲೆ. ಹಸು ಬಾಯಿ ಹಾಕಿದರೆ ಮುಗಿಯಿತು. ಆ ಪುಟ್ಟ ಎಲೆಗಳು ದುಡಿದದ್ದು ನೆಲದೊಳಗಿನ ಗೆಡ್ಡೆಗೆ ಹೋಗುತ್ತದೆ. ಮುಂದಿನ ಮಳೆಗಾಲಕ್ಕೆ ಆ ಗೆಡ್ಡೆ ಸ್ವಲ್ಪ ದಪ್ಪದ ಮೊಳಕೆ ಕಳಿಸುತ್ತದೆ. ಅದರ ಎಲೆಗಳು ಇನ್ನೂ ಜಾಸ್ತಿ ದುಡಿಯುತ್ತವೆ. ಅದರ ಮುಂದಿನ ವರ್ಷ ಇನ್ನೂ ದಪ್ಪದ್ದು ಏಳುತ್ತದೆ. ವರ್ಷ ವರ್ಷಕ್ಕೂ ಹೀಗೇ ಏರುತ್ತಾ ಹೋಗಿ ಒಂದು ಪೂರ್ತಿ ಮೆಳೆಯಾಗಲು ಹಲವು ವರ್ಷ ಬೇಕು. ಯಾವ ವರ್ಷವೂ ಅದು ಕಣ್ಣಿಗೆ ಕಾಣದೆ ಕೂತಿರುವುದಿಲ್ಲ. ಸಣ್ಣದಾಗಿ ಕಾಣುತ್ತದೆ, ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟೆ.

ಈಗ ಆ ‘ಆರು ವಾರದ’ ಭಾಗಕ್ಕೆ ಬರೋಣ. ಕಥೆಯಲ್ಲಿ ಅರ್ಧಂಬರ್ಧ ನಿಜ ಇರುವುದು ಅಲ್ಲಿ ಮಾತ್ರ. ಮಳೆ ಹಿಡಿದ ಮೇಲೆ ಮಲೆನಾಡಿನಲ್ಲಿ ಮೆಳೆಯ ಬುಡದಲ್ಲಿ ಕಳಲೆ, ಅಂದರೆ ಬಿದಿರಿನ ಎಳೆ ಮೊಳಕೆ, ಏಳುತ್ತದೆ. ಸಿಪ್ಪೆಯ ಮೇಲೆ ಕಂದು ರೋಮ, ಮುಟ್ಟಿದರೆ ಕೈಯೆಲ್ಲಾ ತುರಿಕೆ. ಕಳಲೆ ಪಲ್ಯ ಮಾಡುವವರು ಅದನ್ನು ಹೆಚ್ಚಿ, ದಿನಾ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಹಾಕುತ್ತಾರೆ. ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತದೆ, ಅದು ಹೋಗಲಿ ಅಂತ. ಯಾರದಾದರೂ ತೋಟದ ಕಳಲೆ ಸಿಕ್ಕರೆ (ಮೀಸಲು ಕಾಡಿನದ್ದು ಬೇಡ, ಕಾನೂನು ಬಿಡುವುದಿಲ್ಲ) ಹೆಚ್ಚುವ ಮೊದಲು ಒಂದನ್ನು ಉದ್ದಕ್ಕೆ ಸೀಳಿ ನೋಡಿ. ಒಳಗೆ ಬಿಳಿ ತಿರುಳಿನಲ್ಲಿ ತೆಳ್ಳಗಿನ ಅಡ್ಡಗೋಡೆಗಳು ಒಂದರ ಮೇಲೊಂದು ಒತ್ತೊತ್ತಾಗಿ ಇರುತ್ತವೆ. ಬುಡದಲ್ಲಿ ಸ್ವಲ್ಪ ಅಂತರ, ತುದಿಗೆ ಹೋದಂತೆ ಉಗುರಿನಷ್ಟೂ ಜಾಗ ಇಲ್ಲ. ಒಂದೊಂದು ಅಡ್ಡಗೋಡೆಯೂ ಮುಂದೆ ಬಿದಿರಿನ ಒಂದೊಂದು ಗಿಣ್ಣು. ಅಂದರೆ ಆ ಬಿದಿರಿಗೆ ಎಷ್ಟು ಗಿಣ್ಣು ಅನ್ನುವುದು ಅದು ಮೊಣಕಾಲೆತ್ತರ ಇರುವಾಗಲೇ ತೀರ್ಮಾನವಾಗಿರುತ್ತದೆ. ಆಮೇಲೆ ಆಗುವುದು ಗಿಣ್ಣು ಗಿಣ್ಣಿನ ನಡುವಿನ ಭಾಗ ಉದ್ದವಾಗುವುದು ಮಾತ್ರ. ದಪ್ಪವೂ ಅಷ್ಟೆ. ಕಳಲೆ ಎಷ್ಟು ದಪ್ಪ ಎದ್ದಿತೋ ಬಿದಿರು ಅಷ್ಟೇ ದಪ್ಪ. ತೇಗ, ಮಾವಿನ ಹಾಗೆ ವರ್ಷಾ ವರ್ಷಾ ದಪ್ಪವಾಗುವುದಿಲ್ಲ.

ಇನ್ನೊಂದು ಸಂಗತಿ ಇದೆ. ನನಗೆ ಬಿದಿರಿನಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಹೀಗೆ ರಭಸದಿಂದ ಏಳುವ ದಿನಗಳಲ್ಲಿ ಕಳಲೆಗೆ ಎಲೆಯೇ ಇರುವುದಿಲ್ಲ. ಮೈತುಂಬಾ ಸಿಪ್ಪೆ ಹೊದ್ದುಕೊಂಡ ಬೋಳು ಕೋಲು ಅದು. ತನ್ನ ಊಟ ತಾನು ಮಾಡಿಕೊಳ್ಳಲು ಬರುವುದಿಲ್ಲ. ಚೀನಾದ ಮೋಸೊ ಬಿದಿರು ದಿನಕ್ಕೆ ಹತ್ತಿರ ಹತ್ತಿರ ಒಂದು ಮೀಟರ್ ಬೆಳೆಯುವುದುಂಟು. ಅಷ್ಟಕ್ಕೆಲ್ಲ ಊಟ ಎಲ್ಲಿಂದ ಬರಬೇಕು? ಪಕ್ಕದಲ್ಲಿ ನಿಂತ ಹಳೇ ಬಿದಿರುಗಳಿಂದ. ಅವು ಎಲೆಯಲ್ಲಿ ಮಾಡಿದ ಸಕ್ಕರೆ, ಗೆಡ್ಡೆಯಲ್ಲಿ ಕೂಡಿಟ್ಟ ಪಿಷ್ಟ ನೆಲದೊಳಗಿಂದ ಹೊಸ ಕಳಲೆಗೆ ಹರಿಯುತ್ತದೆ. ಪೂರ್ತಿ ಎತ್ತರಕ್ಕೆ ಬಂದ ಮೇಲೆ ಹೊಸದು ರೆಂಬೆ ಬಿಟ್ಟು ಎಲೆ ಬಿಚ್ಚುತ್ತದೆ. ಅಲ್ಲಿಂದ ಅದೂ ದುಡಿಯುವ ಸಾಲಿಗೆ ಸೇರುತ್ತದೆ. ಒಂಟಿ ಬೀಜ ಕತ್ತಲಲ್ಲಿ ಛಲ ಹಿಡಿದು ಕೂತು ಒಂದು ದಿನ ಗೆದ್ದಿತು ಅನ್ನುವ ಕಥೆ ಬಿದಿರಿನದ್ದಲ್ಲ. ಬಿದಿರಿನ ಕಥೆಯಲ್ಲಿ ನಿಮ್ಮಂಥ ಹಳಬರಿಗೂ ಪಾತ್ರ ಇದೆ. ವಾಟ್ಸಾಪ್ ಕಥೆ ಬರೆದವರು ಯಾರೋ, ಆ ಪಾತ್ರವನ್ನೇ ಕತ್ತರಿಸಿಬಿಟ್ಟಿದ್ದಾರೆ.

ಇನ್ನು ಹದ್ದು. 40 ವರ್ಷಕ್ಕೆ ಅದರ ಕೊಕ್ಕು ಬಾಗಿ, ಉಗುರು ಮೊಂಡಾಗಿ, ಗರಿ ಭಾರವಾಗುತ್ತದಂತೆ. ಆಗ ಬೆಟ್ಟದ ಮೇಲೆ ಹೋಗಿ ಕೊಕ್ಕನ್ನು ಬಂಡೆಗೆ ಬಡಿದು ಕಿತ್ತುಹಾಕುತ್ತದಂತೆ. ಹೊಸ ಕೊಕ್ಕು ಬಂದ ಮೇಲೆ ಉಗುರು ಕೀಳುತ್ತದಂತೆ, ಆಮೇಲೆ ಗರಿ. ಐದು ತಿಂಗಳ ತಪಸ್ಸು ಮುಗಿಸಿ ಇನ್ನೂ 30 ವರ್ಷ ಬದುಕುತ್ತದಂತೆ. ಇದರಲ್ಲಿ ಒಂದೂ ನಿಜವಲ್ಲ. ಕೊಕ್ಕು ಮುರಿದುಕೊಂಡ ಹದ್ದು ತಿನ್ನಲಾರದೆ ಸಾಯುತ್ತದೆ. ಐದು ತಿಂಗಳು ಉಪವಾಸ ಇರುವ ಶಕ್ತಿ ಯಾವ ಹದ್ದಿಗೂ ಇಲ್ಲ. ಕೊಕ್ಕು, ಉಗುರು ನಮ್ಮ ಉಗುರಿನ ಹಾಗೆ ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಬೇಟೆಯಲ್ಲಿ, ತಿನ್ನುವುದರಲ್ಲಿ, ಕಲ್ಲು-ಕೊಂಬೆಗೆ ಉಜ್ಜುವುದರಲ್ಲಿ ಸವೆಯುತ್ತಲೂ ಇರುತ್ತವೆ.

ಗರಿಯ ವಿಷಯ ಮಾತ್ರ ಸ್ವಲ್ಪ ನಿಂತು ನೋಡುವಂಥದ್ದು. ಹದ್ದು ಗರಿ ಬದಲಿಸುವುದು ನಿಜ. ಆದರೆ ಒಂದೇ ಸಲಕ್ಕಲ್ಲ. ಈ ರೆಕ್ಕೆಯಲ್ಲಿ ಒಂದೆರಡು, ಆ ರೆಕ್ಕೆಯಲ್ಲಿ ಒಂದೆರಡು ಉದುರುತ್ತವೆ. ಅವು ಬೆಳೆದ ಮೇಲೆ ಮುಂದಿನವು. ದೊಡ್ಡ ಹದ್ದುಗಳಿಗೆ ಎಲ್ಲ ಗರಿ ಬದಲಾಗಲು ಒಂದು ವರ್ಷವೂ ಸಾಲುವುದಿಲ್ಲ. ಬೇಸಗೆಯಲ್ಲಿ ನಿಮ್ಮೂರ ಮೇಲೆ ಸುತ್ತುವ ಗರುಡವನ್ನೋ ಹದ್ದನ್ನೋ ಬೈನಾಕ್ಯುಲರ್‌ನಲ್ಲಿ ನೋಡಿದರೆ ಕೆಲವೊಮ್ಮೆ ರೆಕ್ಕೆಯಲ್ಲಿ ಸಂದಿ ಕಾಣುತ್ತದೆ, ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಯಾಕೆ ಇಷ್ಟು ನಿಧಾನ? ಹದ್ದಿಗೆ ದಿನಾ ಹಾರಲೇಬೇಕು. ಹಾರದಿದ್ದರೆ ಊಟ ಇಲ್ಲ. ತಂದುಕೊಡುವವರು ಯಾರೂ ಇಲ್ಲ.

ಹಾಗಂತ ಎಲ್ಲ ಗರಿಯನ್ನೂ ಒಟ್ಟಿಗೇ ಉದುರಿಸುವ ಹಕ್ಕಿಗಳೇ ಇಲ್ಲ ಅಂತಲ್ಲ. ನಮ್ಮ ದಾಂಡೇಲಿ ಕಾಡಿನ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಳನ್ನು ನೋಡಿ. ಪಶ್ಚಿಮ ಘಟ್ಟದ ಕಡೆ ಇರುವ ನಾಲ್ಕು ಜಾತಿಯ ಮಂಗಟ್ಟೆಗಳೂ ದಾಂಡೇಲಿಯಲ್ಲಿ ಸಿಗುತ್ತವೆ. 2011ರಲ್ಲಿ ಕಾಳಿ ನದಿಯ ಆಸುಪಾಸಿನ ಕಾಡನ್ನು ಇವುಗಳಿಗಾಗಿಯೇ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. ಮರಿ ಮಾಡುವ ಕಾಲ ಬಂದಾಗ ಹೆಣ್ಣು ಹಳೇ ಮರದ ಪೊಟರೆ ಸೇರುತ್ತದೆ. ಬಾಗಿಲನ್ನು ಒಳಗಿಂದಲೇ ತನ್ನ ಹಿಕ್ಕೆ, ಮಣ್ಣು, ಹಣ್ಣಿನ ಗಷ್ಟಿನಿಂದ ಮೆತ್ತಿಬಿಡುತ್ತದೆ. ಉಳಿಯುವುದು ಕೊಕ್ಕಿನ ತುದಿ ತೂರುವಷ್ಟು ಸೀಳು ಮಾತ್ರ. ಹಲವು ಮಂಗಟ್ಟೆ ಜಾತಿಗಳಲ್ಲಿ ಹೆಣ್ಣು ಒಳಗೆ ಹೋದ ಮೇಲೆ ಹಾರುವ ಗರಿಗಳನ್ನೆಲ್ಲ ಒಟ್ಟಿಗೆ ಉದುರಿಸಿಬಿಡುತ್ತದೆ. ಆಗ ಗೋಡೆ ಒಡೆದು ಹೊರಬಂದರೂ ಹಾರಲು ಬರುವುದಿಲ್ಲ. ವಾರಗಟ್ಟಲೆ, ತಿಂಗಳುಗಟ್ಟಲೆ ಆ ಕತ್ತಲಲ್ಲಿ ಮೊಟ್ಟೆ, ಮರಿ ಜೊತೆ ಇರುತ್ತದೆ.

ಹೊರಗೆ ಗಂಡು ದುಡಿಯುತ್ತದೆ. ದೂರದಿಂದ ಇದನ್ನು ನೋಡುವುದೇ ಒಂದು ಸೊಗಸು. ಮೊದಲು ಪಕ್ಕದ ಮರದಲ್ಲಿ ಕೂತು ಸುತ್ತಮುತ್ತ ಪರೀಕ್ಷೆ ಮಾಡುತ್ತದೆ. ಯಾರಾದರೂ ಕಂಡರೆ ಪೊಟರೆ ಹತ್ತಿರ ಬರುವುದೇ ಇಲ್ಲ. ಸುರಕ್ಷಿತ ಅನ್ನಿಸಿದ ಮೇಲೆ ಬಂದು ತೊಗಟೆಗೆ ಆತುಕೊಂಡು, ಕತ್ತು ಒಮ್ಮೆ ಜಗ್ಗುತ್ತದೆ. ಗಂಟಲಿನಿಂದ ಒಂದು ಆಲದ ಹಣ್ಣು ಕೊಕ್ಕಿನ ತುದಿಗೆ ಬರುತ್ತದೆ. ಸೀಳಿನೊಳಗೆ ಕೊಡುತ್ತದೆ. ಮತ್ತೆ ಕತ್ತು ಜಗ್ಗುವುದು, ಇನ್ನೊಂದು ಹಣ್ಣು. ಹೀಗೆ ಒಂದೊಂದಾಗಿ, ಗಂಟಲು ಖಾಲಿಯಾಗುವ ತನಕ. ಒಳಗಿರುವ ಹೆಣ್ಣು ಹಿಕ್ಕೆಯನ್ನೂ ಬೀಜವನ್ನೂ ಅದೇ ಸೀಳಿನಿಂದ ಹೊರಕ್ಕೆ ಹಾಕುತ್ತದೆ. ಮರದ ಬುಡದಲ್ಲಿ ಆ ಬೀಜಗಳು ಬಿದ್ದು ಮೊಳೆತಿರುತ್ತವೆ. ಗೂಡು ಹುಡುಕುವವರು ತಲೆ ಎತ್ತುವ ಮೊದಲು ಬುಡ ನೋಡುವುದು ಅದಕ್ಕೇ.

ಹದ್ದು ಒಂದೊಂದೇ ಗರಿ ಬದಲಿಸುತ್ತದೆ, ಯಾಕೆಂದರೆ ಅದಕ್ಕೆ ಊಟ ತರುವವರಿಲ್ಲ. ಮಂಗಟ್ಟೆ ಹೆಣ್ಣು ಅಷ್ಟನ್ನೂ ಉದುರಿಸುವ ಧೈರ್ಯ ಮಾಡುತ್ತದೆ, ಯಾಕೆಂದರೆ ತರುವವನಿದ್ದಾನೆ. ನಂಬಿಕೆ ಅಂತ ನೀವು ಕೇಳಿದಿರಲ್ಲ, ನನಗೆ ಗೊತ್ತಿರುವಷ್ಟರಲ್ಲಿ ಕಾಡಿನಲ್ಲಿ ಅದಕ್ಕೆ ಇದಕ್ಕಿಂತ ಹತ್ತಿರದ್ದು ಇನ್ನೊಂದಿಲ್ಲ. ಇದು ಕುರುಡು ನಂಬಿಕೆಯೂ ಅಲ್ಲ. ಪೊಟರೆ ಸೇರುವ ಮೊದಲೇ ಗಂಡು ಹಣ್ಣು ತಂದು ತಿನ್ನಿಸಿರುತ್ತದೆ. ಅಪಾಯ ಇಲ್ಲ ಅಂತಲೂ ಅಲ್ಲ. ಗಂಡನ್ನು ಯಾರೋ ಹೊಡೆದರೆ ಒಳಗಿನ ಸಂಸಾರವೂ ಹಸಿವಿಗೆ ಬೀಳುತ್ತದೆ. ಒಂದು ಮಾತು ಗಮನಿಸಿ. ಗಂಡು ಪೊಟರೆ ಮುಂದೆ ಕೂತು ‘ಧೈರ್ಯವಾಗಿರು, ಹದ್ದನ್ನು ನೋಡಿ ಕಲಿ’ ಅಂತ ಉಪದೇಶ ಮಾಡುವುದಿಲ್ಲ. ಹಣ್ಣು ಕೊಟ್ಟು ಹೋಗುತ್ತದೆ.

ನಿಮ್ಮದೇ ಜಿಲ್ಲೆಯ ಬಾಡದಲ್ಲಿ ಹುಟ್ಟಿದ ಕನಕದಾಸರು ಬೆಟ್ಟದ ತುದಿಯ ಮರಕ್ಕೆ ನೀರು ಎರೆದವರು ಯಾರು ಅಂತ ಕೇಳಿದ್ದು ನಿಮಗೆ ಗೊತ್ತೇ ಇರುತ್ತದೆ. ಕಲ್ಲಿನೊಳಗಿನ ಕಪ್ಪೆಗೆ ಊಟ ಕೊಟ್ಟವರು ಯಾರು ಅಂತಲೂ ಕೇಳಿದರು. ನಾನು ಅದನ್ನು ಒಳ್ಳೆಯ ವಿಜ್ಞಾನದ ಪ್ರಶ್ನೆ ಅಂತಲೇ ಓದುತ್ತೇನೆ. ಮುಳ್ಳಯ್ಯನಗಿರಿ ಕಡೆಯ ಶೋಲಾ ಕಾಡಿಗೆ (ಎತ್ತರದ ಬೆಟ್ಟಗಳ ಕಣಿವೆಯಲ್ಲಿ ಬೆಳೆಯುವ ಗಿಡ್ಡ ಮರಗಳ ಕಾಡು) ಹೋದರೆ ಉತ್ತರದ ಒಂದು ಭಾಗ ಸಿಗುತ್ತದೆ. ಮಂಜು ಎಲೆಗೆ ತಾಗಿ ಹನಿಯಾಗಿ ಬುಡಕ್ಕೆ ಬೀಳುತ್ತದೆ. ಕೊಂಬೆಯ ಮೇಲಿನ ಪಾಚಿ ನೀರು ಹಿಡಿದಿಟ್ಟುಕೊಳ್ಳುತ್ತದೆ. ಬೇರು ಬಂಡೆಯ ಬಿರುಕು ಹುಡುಕಿಕೊಂಡು ಹೋಗುತ್ತದೆ. ಬೇರಿಗೆ ಅಂಟಿಕೊಂಡ ಶಿಲೀಂಧ್ರದ ಎಳೆಗಳು ಬೇರು ತಲುಪದ ಕಡೆಯಿಂದಲೂ ನೀರು, ರಂಜಕ ತಂದು ಕೊಟ್ಟು, ಬದಲಿಗೆ ಮರದಿಂದ ಸಕ್ಕರೆ ತೆಗೆದುಕೊಳ್ಳುತ್ತವೆ. ಮಣ್ಣಿನಡಿ ಬೇಸಗೆ ಕಳೆಯುವ ಕಪ್ಪೆಯೂ ಹಾಗೇ, ಮಳೆಗಾಲದಲ್ಲಿ ತಿಂದು ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸಿಕೊಂಡು, ಉಸಿರಾಟವನ್ನೂ ಕಡಿಮೆ ಮಾಡಿಕೊಂಡು ಮಳೆಗೆ ಕಾಯುತ್ತದೆ. ಇಷ್ಟು ತಿಳಿದರೆ ದೇವರ ಮೇಲಿನ ಭಕ್ತಿ ಕಡಿಮೆಯಾಗುತ್ತದೆ ಅಂತ ನನಗೇನೂ ಅನ್ನಿಸುವುದಿಲ್ಲ. ಇದೆಲ್ಲ ಅವನ ಏರ್ಪಾಡು ಅಂತ ನೀವು ಅಂದರೆ ನಾನು ವಾದ ಮಾಡಲು ಬರುವುದಿಲ್ಲ. ಆದರೆ ಏರ್ಪಾಡು ಇದೆ, ಬರೀ ಹಠ ಇಲ್ಲ, ಅನ್ನುವುದು ಮಾತ್ರ ಕಣ್ಣಿಗೆ ಕಾಣುವ ಸತ್ಯ.

ಛಲಕ್ಕೆ ಒಂದು ನಿಜವಾದ ಉದಾಹರಣೆ ಬೇಕು ಅಂದರೆ ದೂರ ಹೋಗಬೇಕಾಗಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆ ನಿಮಗೆ ಪಕ್ಕದಲ್ಲೇ ಇದೆ. 2024ರಲ್ಲಿ ರಾಮ್ಸರ್ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಜೌಗು-ಕೆರೆಗಳ ಪಟ್ಟಿಗೂ, ಸೇರಿತು. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬೂದು-ಬಿಳಿ ಮೈ, ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಇವು ಮರಿ ಮಾಡುವುದು ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ. ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಕಾಣಿಸಿವೆ. ನಡುವೆ ಹಿಮಾಲಯ ಇದೆ. ಅಷ್ಟು ಎತ್ತರದಲ್ಲಿ ಆಮ್ಲಜನಕ ತೀರಾ ಕಡಿಮೆ. ಗಾಳಿಯೂ ತೆಳು, ರೆಕ್ಕೆ ಬಡಿದಷ್ಟಕ್ಕೂ ಹಿಡಿತ ಸಿಗುವುದಿಲ್ಲ.

ಬಹಳ ಕಾಲ ಜನ ಏನು ತಿಳಿದಿದ್ದರು ಅಂದರೆ, ಇವು ಒಮ್ಮೆ ಮೇಲೇರಿದರೆ ಅದೇ ಎತ್ತರ ಹಿಡಿದುಕೊಂಡು ಪರ್ವತ ದಾಟಿಬಿಡುತ್ತವೆ ಅಂತ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬೇರೆಯೇ ತೋರಿಸಿತು. ಹೆಬ್ಬಾತುಗಳ ಮೈಯೊಳಗೆ ಪುಟ್ಟ ಯಂತ್ರ ಇಟ್ಟು ಅವುಗಳ ಎದೆಬಡಿತ, ರೆಕ್ಕೆಬಡಿತ, ಹಾರುವ ಎತ್ತರ ಎಲ್ಲ ದಾಖಲಿಸಿದರು. ಹಕ್ಕಿಗಳು ನೆಲದ ಏರಿಳಿತಕ್ಕೆ ಒತ್ತಿಕೊಂಡೇ ಹಾರುತ್ತಿದ್ದವು. ಬೆಟ್ಟ ಬಂದರೆ ಏರುವುದು, ಕಣಿವೆ ಬಂದರೆ ಇಳಿಯುವುದು. ಕಷ್ಟಪಟ್ಟು ಏರಿದ ಸಾವಿರಾರು ಅಡಿಯನ್ನು ಸುಮ್ನೆ ಬಿಟ್ಟುಕೊಟ್ಟು ಕೆಳಗೆ ಬರುತ್ತವೆ. ಮುಂದಿನ ಬೆಟ್ಟಕ್ಕೆ ಮತ್ತೆ ಮೊದಲಿಂದ ಏರುತ್ತವೆ. ನೋಡುವವರಿಗೆ ದಡ್ಡತನ ಅನ್ನಿಸಬಹುದು. ಲೆಕ್ಕ ಹಾಕಿದರೆ ಇದರಲ್ಲೇ ಖರ್ಚು ಕಡಿಮೆ. ತೆಳು ಗಾಳಿಯಲ್ಲಿ ರೆಕ್ಕೆಬಡಿತ ಸ್ವಲ್ಪವೇ ಜಾಸ್ತಿಯಾದರೂ ಶಕ್ತಿಯ ಖರ್ಚು ವಿಪರೀತ ಏರಿಬಿಡುತ್ತದೆ. ಕೆಳಗಿನ ದಟ್ಟ ಗಾಳಿಯಲ್ಲಿ ಉಸಿರೂ ಸಿಗುತ್ತದೆ, ರೆಕ್ಕೆಗೆ ಹಿಡಿತವೂ ಸಿಗುತ್ತದೆ. ಅವು 7,000 ಮೀಟರ್ ದಾಟಿದ್ದೂ ದಾಖಲಾಗಿದೆ, ಆದರೆ ಅದು ಅಪರೂಪ. ಬೇಕಾದಾಗ ಮಾತ್ರ.

ಅದಕ್ಕೂ ಮೊದಲು, 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇವು ದಾಟಲು ಯಾವ ಹೊತ್ತು ಆರಿಸಿಕೊಳ್ಳುತ್ತವೆ ಅಂತ ನೋಡಿತ್ತು. ಮಧ್ಯಾಹ್ನ ಕಣಿವೆಯಿಂದ ಮೇಲಕ್ಕೆ ಗಾಳಿ ಬೀಸುತ್ತದೆ, ಅದರ ಸವಾರಿ ಮಾಡಬಹುದಿತ್ತು. ಇವು ಮಾಡುವುದಿಲ್ಲ. ರಾತ್ರಿ, ನಸುಕಿನಲ್ಲಿ ಏರುತ್ತವೆ. ಆಗ ಗಾಳಿ ತಣ್ಣಗೆ, ದಟ್ಟವಾಗಿ, ಗಲಾಟೆ ಇಲ್ಲದೆ ಇರುತ್ತದೆ. ನಡುವೆ ಕೆರೆಗಳಲ್ಲಿ ಇಳಿದು ದಿನಗಟ್ಟಲೆ ತಿಂದು ಮೈ ತುಂಬಿಕೊಳ್ಳುವುದೂ ಉಂಟು. ನಮ್ಮಲ್ಲಿ ಕಡಲೆ, ಶೇಂಗಾ ಹೊಲಗಳಲ್ಲಿ ಇವು ಮೇಯುವುದನ್ನು ನೋಡಿ ರೈತರು ಬೈಯುವುದು ನಿಮಗೆ ಗೊತ್ತಿರಬಹುದು. ಆ ಮೇವೇ ವಾಪಸ್ ಹೋಗುವ ದಾರಿಖರ್ಚು.

ನಿಮ್ಮ ಮಗ ಊರಿಗೆ ಬಂದು ನಾಲ್ಕು ತಿಂಗಳು ಇರುತ್ತೇನೆ ಅಂದರೆ, ಇಲ್ಲವೇ ಸಣ್ಣದೊಂದು ಕೆಲಸ ಹಿಡಿದು ಓದುತ್ತೇನೆ ಅಂದರೆ, ನಾಲ್ಕು ವರ್ಷ ಏರಿದ್ದೆಲ್ಲ ಹೋಯಿತು ಅಂತ ಅಂದುಕೊಳ್ಳಬೇಡಿ. ಹೆಬ್ಬಾತಿನ ಲೆಕ್ಕದಲ್ಲಿ ಅದು ದಾಟುವ ಕೆಲಸದ ಒಂದು ಭಾಗವೇ.

ಪೂರ್ತಿ ಬಿಟ್ಟುಬಿಡುವುದರ ಬಗ್ಗೆಯೂ ಎರಡು ಮಾತು ಹೇಳಬೇಕು. ಅದನ್ನು ಯಾವ ಫಾರ್ವರ್ಡ್ ಕಥೆಯೂ ಹೇಳುವುದಿಲ್ಲ. ಜೇಡ ಎಷ್ಟು ಸಲ ಬಿದ್ದರೂ ಮತ್ತೆ ಬಲೆ ನೇಯುತ್ತದೆ ಅಂತ ಮಕ್ಕಳಿಗೆ ಹೇಳುತ್ತೇವೆ. ನಿಜ, ತೋಟದಲ್ಲಿ ಚಕ್ರದಂಥ ಬಲೆ ನೇಯುವ ಜೇಡಗಳಲ್ಲಿ ಹಲವು ಹಳೇ ಬಲೆಯನ್ನೇ ತಿಂದು ಹೊಸದು ನೇಯುತ್ತವೆ. ತಿಂದ ನೂಲು ಮತ್ತೆ ನೂಲಾಗುತ್ತದೆ. ಆದರೆ ಒಂದು ಜಾಗದಲ್ಲಿ ಬೇಟೆ ಬೀಳುತ್ತಿಲ್ಲ ಅಂದರೆ ಅದೇ ಜೇಡ ಆ ಜಾಗ ಬಿಟ್ಟು ಬೇರೆ ಕಡೆ ಹೋಗುತ್ತದೆ. ನೇಯುವುದನ್ನು ಬಿಡುವುದಿಲ್ಲ, ಮೂಲೆ ಬಿಡುತ್ತದೆ. ಜಾಗ ಬಿಡದೆ ಹಠ ಹಿಡಿದ ಜೇಡ ಉಪವಾಸ ಸಾಯುತ್ತದೆ.

ಕಾಯುವುದರಲ್ಲೂ ಎಲ್ಲರಿಗೂ ಒಂದೇ ನಿಯಮ ಇಲ್ಲ. ಹಲಸಿನ ಬೀಜವನ್ನು ಒಣಗಿಸಿ ಮುಂದಿನ ವರ್ಷ ಬಿತ್ತುತ್ತೇನೆ ಅಂದರೆ ಆಗುವುದಿಲ್ಲ. ಹಣ್ಣಿನಿಂದ ತೆಗೆದು ಬೇಗ ಮಣ್ಣಿಗೆ ಹಾಕಬೇಕು. ಮಾವಿನ ಓಟೆಯೂ ಹಾಗೇ. ಕಳೆಗಿಡಗಳ ಬೀಜ ಇದಕ್ಕೆ ಉಲ್ಟಾ. 1879ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಜೇಮ್ಸ್ ಬೀಲ್ ಅನ್ನುವ ಪ್ರೊಫೆಸರ್ 20 ಬಾಟಲಿಗಳಲ್ಲಿ ಮರಳಿನ ಜೊತೆ ಕಳೆಗಿಡಗಳ ಬೀಜ ತುಂಬಿ ಹೂತಿಟ್ಟರು. ರೈತರು ಎಷ್ಟು ವರ್ಷ ಕಳೆ ಕಿತ್ತರೆ ಮಣ್ಣಿನ ಬೀಜ ಮುಗಿಯುತ್ತದೆ ಅನ್ನುವುದು ಅವರ ಪ್ರಶ್ನೆ. ಬೀಲ್ ತೀರಿಹೋಗಿ ನೂರು ವರ್ಷ ದಾಟಿತು. ಆದರೆ ಜಾಗದ ನಕ್ಷೆ ಒಂದು ತಲೆಮಾರಿನ ವಿಜ್ಞಾನಿಗಳಿಂದ ಇನ್ನೊಂದಕ್ಕೆ ಬರುತ್ತಲೇ ಇದೆ. 2021ರಲ್ಲಿ ಒಂದು ಬಾಟಲಿ ತೆಗೆದರು. ಬೆಳಕು ತಾಗಿದರೆ ಉಳಿದ ಬೀಜಗಳಿಗೆ ಮೊಳೆಯುವ ಸೂಚನೆ ಸಿಕ್ಕಿಬಿಡಬಹುದು ಅಂತ ಕತ್ತಲಲ್ಲೇ ಅಗೆದರು. 141 ವರ್ಷ ಮಣ್ಣಲ್ಲಿದ್ದ ಬೀಜಗಳಲ್ಲಿ ಕೆಲವು ಮೊಳೆತವು. ಹೆಚ್ಚಿನವು ಸತ್ತಿದ್ದವು ಅನ್ನುವುದನ್ನೂ ಹೇಳಬೇಕು. ಕೊನೆಯ ಬಾಟಲಿಯ ಸರದಿ 2100ಕ್ಕೆ.

ಈಗ ನಿಮ್ಮ ಮಗ ಹಲಸಿನ ಬೀಜವೋ, ಕಳೆಗಿಡದ ಬೀಜವೋ ಅಂತ ನನ್ನನ್ನು ಕೇಳಬೇಡಿ. ಅದು ಅವನಿಗೇ ಗೊತ್ತು. ಅವನನ್ನೇ ಕೇಳಿ. ‘ಯಾವಾಗ ಪಾಸಾಗ್ತೀ’ ಅನ್ನುವ ಪ್ರಶ್ನೆ ಬೇಡ. ‘ಇನ್ನೂ ಎಷ್ಟು ಸಲ ಬರೀಬೇಕು ಅನ್ನಿಸ್ತದ? ಆ ಮೇಲೆ ಏನು ಮಾಡೋಣು?’ ಅಂತ ಕೇಳಿ. ಕೊನೆಯ ಸಲ ಯಾವುದು ಅಂತ ಅವನೇ ಗೆರೆ ಎಳೆದುಕೊಂಡರೆ ಓದುವ ಮನಸ್ಸೂ ಹಗುರಾಗಬಹುದು. ವಾಟ್ಸಾಪ್ ಕಥೆ ನಿಲ್ಲಿಸಿ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಒಂದು ಭಾನುವಾರ ನೀವೇ ಧಾರವಾಡಕ್ಕೆ ಹೋಗಿ ಬನ್ನಿ, ಪರೀಕ್ಷೆಯ ಸುದ್ದಿ ಎತ್ತಬೇಡಿ. ಮಾತು ಕಡಿಮೆಯಾದದ್ದು ಬರೀ ಬೇಜಾರಿಗೋ, ಅಥವಾ ನಿದ್ದೆ, ಊಟ ಕೂಡ ಕೆಟ್ಟಿದೆಯೋ ಅಂತ ಎದುರಿಗೆ ಕೂತರೆ ತಿಳಿಯುತ್ತದೆ. ಕೆಟ್ಟಿದ್ದರೆ ತಡ ಮಾಡಬೇಡಿ, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಕೂಡ ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮಗೆ ಚಿಂತೆ ಜಾಸ್ತಿಯಾದರೆ ನೀವೂ ಮಾಡಬಹುದು.

ಮಾಗಡಿ ಕೆರೆಗೆ ಹೋಗುವ ಮನಸ್ಸಾದರೆ ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಮಾರ್ಚ್ ಹೊತ್ತಿಗೆ ಹೆಬ್ಬಾತುಗಳು ವಾಪಸ್ ಹೊರಟಿರುತ್ತವೆ. ಬೆಳಗ್ಗೆ ಬೇಗ ಹೋಗಿ, ಬಿಸಿಲು ಏರಿದ ಮೇಲೆ ಜಾಸ್ತಿ ಕಾಣುವುದಿಲ್ಲ. ಯಾರ ಹತ್ತಿರವಾದರೂ ಕೇಳಿ ಒಂದು ಬೈನಾಕ್ಯುಲರ್ ತೆಗೆದುಕೊಂಡು ಹೋಗಿ, ಖರೀದಿ ಮಾಡಬೇಕಾಗಿಲ್ಲ, ಯಾರಾದರೂ ಮೇಷ್ಟ್ರ ಹತ್ತಿರ ಇರುತ್ತದೆ. ದಾಂಡೇಲಿಯ ಮಂಗಟ್ಟೆ ನೋಡಲು ಬೇಸಗೆಗೆ ಮೊದಲು, ಹಣ್ಣಿನ ಮರಗಳ ಹತ್ತಿರ ಕಾದರೆ ಸಾಕು. ಗೂಡು ತೋರಿಸುತ್ತೇನೆ ಬನ್ನಿ ಅಂತ ಯಾರಾದರೂ ಕರೆದರೆ ಹೋಗಬೇಡಿ. ಜನ ನಿಂತಿದ್ದರೆ ಗಂಡು ಹಣ್ಣು ಕೊಡಲು ಬರುವುದಿಲ್ಲ.